ಬಾಗಲದ ಬಣ್ಣ

ಹೆಡ್‌ಲೈಟು ಬೆಳ್ಳಗ, ಫಾಗ್‌ಲೈಟು ಅರಿಷಿಣ.
ಒಬ್ಬನ ಮಾರಿಗೆ ಇಬ್ಬರ ಕಣ್ಣು ಹಚ್ಚಿದಂಗ ಕಾಣತೈತಿ,
ಎರಡೂ ಒಂದ ಬಣ್ಣ ಮಾಡಿಕೊಡು ಅಂದೆ.

ಮುಳಗುಂದ ನಾಕಾ, ಸಂಜಿ ಏಳು.
ದಾವಲಸಾಬ ಸ್ಟೂಲಿನ ಮ್ಯಾಲ ಕೂತು
ಟೇಪಿನ ತುಂಡು ಹಲ್ಲಾಗ ಕಚ್ಚಿ
ನನ್ನ ಗಾಡಿ ನೋಡಿದ:
ರಾತ್ರಿ ಎರಡಕ್ಕ ಹುಬ್ಬಳ್ಳಿ ಪ್ರೆಸ್ಸಿನಾಗ ಪೇಪರ ತುಂಬಿಕೊಂಡು
ಅಣ್ಣಿಗೇರಿ, ಗದಗ, ಲಕ್ಕುಂಡಿ ತನಕ
ನಿನ್ನಿ ಸುದ್ದಿ ಇವತ್ತಿನ ತಾರೀಖಿನಾಗ ಮುಟ್ಟಿಸೋ ಗಾಡಿ.

"ಬೆಳ್ಳಂದು ಆರು ಸಾವಿರ ಕೆಲ್ವಿನ್, ಹಳದೀದು ಮೂರು.
ದೊಡ್ಡ ನಂಬರು ತಂಪಲ್ಲ ತಮ್ಮಾ, ಬಿಸಿ.
ಕುಲಿಮ್ಯಾಗ ಕಬ್ಬಿಣ ಕಾಸೂದು ನೋಡಿಯಿಲ್ಲ?
ಮೊದಲ ಕೆಂಪು, ಆಮ್ಯಾಲ ಹಳದಿ, ಆಮ್ಯಾಲ ಬೆಳ್ಳಗ.
ಇನ್ನೂ ಕಾದರ ನೀಲಿ,
ಅಷ್ಟು ಕಾಸಾಕ ನಮ್ಮಪ್ಪನ ತಿದಿ ಸಾಲಲಿಲ್ಲ.
ತಂಪ ಬೆಳಕು ಅಂತ ನೀವು ಹಾಕಿಸಿಕೊಳ್ಳೂದು
ಲೆಕ್ಕದಾಗ ಎಲ್ಲಾಕಿಂತ ಉರಿಯೂದು."

ಮಂಜಿನ ಕತಿ ನಾ ಹೇಳಿದೆ.
ಪುಷ್ಯದಾಗ ಅಣ್ಣಿಗೇರಿ ಎರಿ ಹೊಲ ಉಸರ ಬಿಡತಾವು.
ಬೆಳ್ಳಂದು ಹಾಕಿದರ ಎದುರಿಗೆ ಸುಣ್ಣದ ಗ್ವಾಡಿ,
ನನ್ನ ಬೆಳಕ ನನಗ ಹೊಡೀತೈತಿ.
ಅದನ್ನ ಆರಿಸಿ ಕೆಳಗಿನ ಹಳದಿ ಎರಡ ಉಳಿಸಿದರ,
ಬೆಂಡೋಲಿ ತಿರುಪ ಬಿದ್ದಾಗ ನೆಲಕ್ಕ ಮಾರಿ ಹಚ್ಚಿ ಹುಡುಕಿದಂಗ,
ರಸ್ತೆದ ಪಟ್ಟಿ ಹಿಡಕೊಂಡು ಹೊಂಟು ಬಿಡತೇನಿ.

"ಹಂಗಂದ್ರ ಮತ್ಯಾಕ ಒಂದ ಮಾಡೂದು?"
ಚೆಂದ ಕಾಣಲಿ ಅಂತ. ಅಷ್ಟ.

ನಾಲ್ಕು ಡಬ್ಬಿ ಬಲ್ಬ ತಗದ,
ಒಂದೊಂದ ಹಚ್ಚಿ ಶಟರಿನ ಮ್ಯಾಲ ಬಿಟ್ಟ.
ಎಡಗಣ್ಣು ಮುಚ್ಚಿದ. ಬಲಗಣ್ಣು ಮುಚ್ಚಿದ.
ಮತ್ತ ಎಡಗಣ್ಣು.
ಚಾ ತಂದ ಹುಡುಗನ್ನ ಕೇಳಿದ, ಯಾವ ಎರಡು ಜೋಡಿ ಆಕ್ಕಾವು?
ಹುಡುಗ ಖಾಲಿ ಗ್ಲಾಸ ಎಣಿಸಿಕೋತ
"ಎಲ್ಲಾ ದೀಪಾನ ಅಲ್ಲೇನು ಚಾಚಾ" ಅಂದ.

"ಎಡಗಣ್ಣಿಂದು ಹೋದ ತಿಂಗಳ ಪೊರಿ ತಗದ್ರು, ಲೆನ್ಸ್ ಇಟ್ರು.
ಬಲಗಣ್ಣಿನ ಪಾಳಿ ರಮಜಾನ ಆದಮ್ಯಾಲ.
ಅದ ಬಲ್ಬ,
ಈ ಕಣ್ಣಿಗೆ ಹಾಲು, ಈ ಕಣ್ಣಿಗೆ ಹಳೇ ತುಪ್ಪ.
ಯಾವ ಕಣ್ಣ ನಂಬಿ ನಿನ್ನ ರೊಕ್ಕ ಇಸಗೊಳ್ಳಲಿ?"

ಟೇಪಿನ ತುಂಡು ಬೆರಳಿಗೆ ಸುತ್ತಿಕೋತ ದನಿ ಇಳಿಸಿದ:
"ಮನಿ ಬಾಗಲಕ್ಕ ಬಣ್ಣ ಬಳದು ಒಂಬತ್ತು ವರ್ಷಾತು.
ಹಸರು ಅಂತ ನಾ. ನೀಲಿ ಅಂತ ನಮ್ಮ ಮಾಬೂಬಿ.
ಬೀಗರು ಬಂದಾಗ ಸಾಕ್ಷಿ ಕೇಳೇವಿ,
ಸಿಟ್ಟಿಗೆ ಉಪ್ಪಿಲ್ಲದ ಸಾರು ಹಾಕ್ಯಾಳ.
ಪಟ್ಟಿ ಬಿಚ್ಚಿದ ದಿನ ಆಟೋ ಇಳದು ನೋಡತೇನಿ,
ನೀಲಿನ ಐತಿ.
ಅರಿವಿಗೆ ಅದ್ದೋ ನೀಲಿಯಷ್ಟು ನೀಲಿ."

ಆಕಿಗೆ ಹೇಳಿದೇನು?
"ಇನ್ನೂ ಒಂದು ಕಣ್ಣು ನನ್ನ ಪರ ಐತಲ್ಲ" ಅಂದ.

ಬಲ್ಬ ಹಾಕಲಿಲ್ಲ, ರೊಕ್ಕನೂ ಮುಟ್ಟಲಿಲ್ಲ.
ಫ್ಯೂಜಿನ ಡಬ್ಬಿ ಒರಸಿ ಕೊಟ್ಟು ಶಟರ ಎಳದ.

ಮರುದಿನ ನಸಕಿನ್ಯಾಗ, ನಾಲ್ಕೂ ಮುಕ್ಕಾಲು,
ಬೆಟಗೇರಿ ಓಣ್ಯಾಗ ಗಂಟು ಒಗದು ಗಾಡಿ ಹೊಳ್ಳಿಸುವಾಗ
ಕಟ್ಟಿಗೆ ಆತು ನಿಂತ ಅವನ ಹಳೇ ಲೂನಾ ಗುರ್ತು ಸಿಕ್ತು.
ಅದರ ಹಿಂದ ಬಾಗಲ.
ಬೆಳ್ಳಂದು ಹಾಕಿದ್ದೆ: ನೀಲಿ.
ಆರಿಸಿ, ಹಳದಿ ಉಳಿಸಿದೆ:
ಹಸರು.
ಹೂಂ, ಹಸರನ, ಎಳೇ ಕಡ್ಲಿ ಗಿಡದಂಥಾದ್ದು.
ಮತ್ತ ನೀಲಿ.
ಮತ್ತ ಹಸರು.

ಒಳಗ ಚಿಲಕ ಸಪ್ಪಳಾತು.
ಕಸಬರಿಗಿ ಹಿಡದ ಹೆಂಗಸು ಹೊಸ್ತಿಲದಾಗ ನಿಂತು
ಕಣ್ಣಿಗೆ ಕೈ ಅಡ್ಡ ಹಿಡದು
"ಯಾವನೋ ಅವ, ದೀಪ ಆರಿಸೋ" ಅಂದಳು.

ಎರಡೂ ಆರಿಸಿದೆ.
ಲಕ್ಕುಂಡಿವು ಇನ್ನೂ ಮೂರು ಗಂಟು ಇದ್ದುವು.